ಕೋವಿ ಯಾರ ಕೈಗೆ ಕೊಡುವುದು

ಅರಿಜೋನಾದ ಟೂಮ್‌ಸ್ಟೋನ್ ಊರಿನಲ್ಲಿ ದಿನವೂ ಒಂದು ಗುಂಡಿನ ಕಾಳಗ ನಡೆಯುತ್ತದೆ. ಟಿಕೆಟ್ ಕೊಂಡು ಒಳಗೆ ಹೋದರೆ ಕರಿ ಕೋಟಿನ ನಾಲ್ವರು ನಡೆದು ಬರುತ್ತಾರೆ, ಎದುರಿಗೆ ನಿಂತವರೊಡನೆ ನಾಲ್ಕು ಮಾತಾಗುತ್ತದೆ, ಖಾಲಿ ತೋಟಾಗಳು ಢಂ ಢಂ ಎನ್ನುತ್ತವೆ, ಮೂವರು ಮಣ್ಣಿನಲ್ಲಿ ಬೀಳುತ್ತಾರೆ, ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೋದ ದಿನ ಸರದಿಯಲ್ಲಿ ನನ್ನ ಮುಂದೆ ನಿಂತಿದ್ದವನ ಸೊಂಟದಲ್ಲಿ ಪಿಸ್ತೂಲಿತ್ತು. ಅವನು ನಟನಲ್ಲ. ಚಡ್ಡಿ ಹಾಕಿ, ಬೇಸ್‌ಬಾಲ್ ಟೊಪ್ಪಿ ಇಟ್ಟು, ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ಪ್ರವಾಸಿ. ಯಾರೂ ಅವನನ್ನು ಎರಡನೆಯ ಸಲ ತಿರುಗಿ ನೋಡಲಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ. ಅರಿಜೋನಾದಲ್ಲಿ 2010ರಿಂದ ಬಟ್ಟೆಯೊಳಗೆ ಕೋವಿ ಬಚ್ಚಿಟ್ಟುಕೊಂಡು ಓಡಾಡುವುದಕ್ಕೂ ಪರವಾನಗಿ ಬೇಕಿಲ್ಲ. ಸೊಂಟದ ಮೇಲೆ ಕಾಣುವ ಹಾಗೆ ಕಟ್ಟಿಕೊಳ್ಳುವುದಕ್ಕಂತೂ ಅದಕ್ಕೂ ಮೊದಲೇ ಅಡ್ಡಿಯಿರಲಿಲ್ಲ.

ಆದರೆ ಒಳಗಿನ ಆಟದ ಕಥೆ ಏನು? ಊರೊಳಗೆ ಆಯುಧ ಹೊತ್ತು ತಿರುಗುತ್ತಿದ್ದವರಿಂದ ಅದನ್ನು ವಶಪಡಿಸಿಕೊಳ್ಳಲು ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ, ಹೊರಟ ಕಥೆ. 1881ರ ಅಕ್ಟೋಬರ್ ತಿಂಗಳಲ್ಲಿ ನನ್ನ ಮುಂದಿನ ಆ ಸಂಸಾರಸ್ಥ ಇದೇ ಬೀದಿಯಲ್ಲಿ ಹೀಗೆಯೇ ನಿಂತಿದ್ದರೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ದಂಡ ಹಾಕುತ್ತಿದ್ದರು. ಕಾಡು ಪಶ್ಚಿಮದಲ್ಲಿ ಅಪರಾಧವಾಗಿದ್ದದ್ದು ಅದನ್ನು ನೆನೆಯಲು ಬಂದ ಪ್ರವಾಸಿಗೆ ಹಕ್ಕಾಗಿದೆ. ಈ ತಿರುವು ಆಮೇಲೆ ಬಹಳ ದಿನ ನನ್ನನ್ನು ಬಿಡಲಿಲ್ಲ. ಹಳೆಯ ಪುರಸಭೆಗಳ ನಿಯಮಗಳನ್ನು, ಸಾಕ್ಷಿಗಳ ಹೇಳಿಕೆಗಳನ್ನು ಹುಡುಕಿ ಓದುವ ಚಟ ಹತ್ತಿದ್ದು ಹೀಗೆ.

ಒಂಬತ್ತನೆಯ ನಿಯಮ

1881ರ ಏಪ್ರಿಲ್ 19ರಂದು ಟೂಮ್‌ಸ್ಟೋನ್ ನಗರಸಭೆ ತನ್ನ ಒಂಬತ್ತನೆಯ ನಿಯಮವನ್ನು ಹೊರಡಿಸಿತು. ಬೆಳ್ಳಿಯ ಗಣಿಯಿಂದಾಗಿ ಎರಡೇ ವರ್ಷದಲ್ಲಿ ಮರುಭೂಮಿಯಿಂದ ಎದ್ದು ನಿಂತ ಊರು ಅದು. ನಿಯಮ ಪುಟ್ಟದು. ಲಿಖಿತ ಅನುಮತಿ ಇಲ್ಲದೆ ನಗರದ ಎಲ್ಲೆಯೊಳಗೆ ಕೈಯಲ್ಲಾಗಲಿ ಮೈಮೇಲಾಗಲಿ ಮಾರಕಾಯುಧ ಇಟ್ಟುಕೊಳ್ಳುವಂತಿಲ್ಲ. ಎಲ್ಲ ಬಗೆಯ ಬಂದೂಕು, ಬೋವಿ ಎಂಬ ದೊಡ್ಡ ಚಾಕು, ಕಠಾರಿ ಇದರಲ್ಲಿ ಸೇರಿದವು. ಒಂದು ವಿನಾಯಿತಿ ಉಂಟು: ಈಗತಾನೇ ಊರಿಗೆ ಬಂದು ಆಯುಧ ಒಪ್ಪಿಸಲು ಹೊರಟವರಿಗೆ, ಅಥವಾ ಒಪ್ಪಿಸಿದ್ದನ್ನು ಬಿಡಿಸಿಕೊಂಡು ಊರು ಬಿಟ್ಟು ಹೊರಟವರಿಗೆ ಇದು ಅನ್ವಯಿಸದು. ಆದರೆ ಸದುದ್ದೇಶದಿಂದ, ಸಕಾಲದಲ್ಲಿ ಹಾಗೆ ಮಾಡುತ್ತಿರಬೇಕು. ಈ ಪುಟ್ಟ ವಿನಾಯಿತಿಯ ಮೇಲೆಯೇ ಆರು ತಿಂಗಳಲ್ಲಿ ಮೂರು ಹೆಣ ಬಿದ್ದವು.

ಓಕೆ ಕೊರಾಲ್ ಎಂಬ ಕುದುರೆ ದೊಡ್ಡಿಯ ಹೆಸರಿನಲ್ಲಿ ಪ್ರಸಿದ್ಧವಾದ ಆ ಕಾಳಗದ ದಿನದ ವಿವರಗಳನ್ನು ಸಿನಿಮಾಗಳು ಸವೆಸಿಬಿಟ್ಟಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಡು ಹಾರುವ ಮುಂಚಿನ ಗಂಟೆಗಳು. ರಾತ್ರಿಯೆಲ್ಲ ಇಸ್ಪೀಟಾಡಿದ ಐಕ್ ಕ್ಲಾಂಟನ್ ಎಂಬ ಕೌಬಾಯ್ ಬೆಳಗ್ಗೆ, ಲಾಯದಲ್ಲಿ ಬಿಟ್ಟಿದ್ದ ತನ್ನ ರೈಫಲ್ಲು ಪಿಸ್ತೂಲುಗಳನ್ನು ತೆಗೆದುಕೊಂಡು, ಅರ್ಪ್ ಸಹೋದರರನ್ನು ಕೊಲ್ಲುತ್ತೇನೆಂದು ಬೀದಿ ಬೀದಿ ಕೂಗುತ್ತಾ ತಿರುಗಿದ. ಮಾರ್ಷಲ್ ವರ್ಜಿಲ್ ಅರ್ಪ್ ಹಿಂದಿನಿಂದ ಬಂದು ರೈಫಲ್ ಹಿಡಿದುಕೊಂಡು, ಪಿಸ್ತೂಲಿನಿಂದ ಅವನ ತಲೆಗೆ ಬಾರಿಸಿ ನ್ಯಾಯಾಲಯಕ್ಕೆ ಎಳೆದೊಯ್ದ. ನ್ಯಾಯಾಧೀಶರು 25 ಡಾಲರ್ ದಂಡ, ಮೇಲೆ ಖರ್ಚು ಹಾಕಿದರು. ಮುಟ್ಟುಗೋಲಾದ ಆಯುಧಗಳನ್ನು ಗ್ರ್ಯಾಂಡ್ ಹೋಟೆಲಿನಲ್ಲಿ ಇರಿಸಲಾಯಿತು. ಕಾಳಗದ ಹೊತ್ತಿಗೆ ಐಕ್‌ನ ಕೈ ಬರಿದು, ಅದಕ್ಕೇ ಓಡಿ ಬದುಕಿದ. ಅವನ ಜೊತೆಗಾರ ಟಾಮ್ ಮಕ್ಲಾರಿ ಮಧ್ಯಾಹ್ನ ತನ್ನ ಪಿಸ್ತೂಲನ್ನು ಒಂದು ಮದ್ಯದಂಗಡಿಯಲ್ಲಿ ಒಪ್ಪಿಸಿಬಂದಿದ್ದ. ಸಾಯುವಾಗ ಅವನ ಬಳಿ ಬೇರೆ ಆಯುಧವಿತ್ತೇ ಎಂಬುದನ್ನು ಇಂದಿಗೂ ಚರ್ಚಿಸುತ್ತಾರೆ. ಅವನ ಅಣ್ಣ ಫ್ರಾಂಕ್, ಐಕ್‌ನ ತಮ್ಮ ಬಿಲ್ಲಿ ಇಬ್ಬರೂ ಊರಿಗೆ ಬಂದದ್ದೇ ಆ ಮಧ್ಯಾಹ್ನ. ಅವರ ಸೊಂಟದಲ್ಲಿ ಪಿಸ್ತೂಲುಗಳಿದ್ದವು. ಅವರು ಬರುತ್ತಿದ್ದರೋ ಹೊರಡುತ್ತಿದ್ದರೋ? ನಿಯಮದ ಪ್ರಕಾರ ಅದೇ ಪ್ರಶ್ನೆ.

ಕೌಂಟಿಯ ಶೆರಿಫ್ ಜಾನಿ ಬೀಹನ್ ಮೊದಲು ಹೋಗಿ ಆಯುಧ ಕೊಡಿ ಎಂದು ಕೇಳಿದ. ಫ್ರಾಂಕ್ ಮಕ್ಲಾರಿ ಕೊಟ್ಟ ಉತ್ತರವೇ ಇಡೀ ಪ್ರಕರಣದ ತಿರುಳು ಎಂದು ನನಗನ್ನಿಸುತ್ತದೆ. ಮೊದಲು ಅರ್ಪ್‌ಗಳ ಆಯುಧ ತೆಗೆಸಿ, ಆಮೇಲೆ ನಾನು ಕೊಡುತ್ತೇನೆ ಎಂಬುದು ಅವನ ಮಾತಿನ ಸಾರ. ಅವನು ಕಾನೂನನ್ನು ಅಲ್ಲಗಳೆಯಲಿಲ್ಲ. ಕೋವಿ ಹೊರುವುದು ನನ್ನ ಜನ್ಮಸಿದ್ಧ ಹಕ್ಕು ಎನ್ನಲಿಲ್ಲ, ಸಂವಿಧಾನವನ್ನು ಎತ್ತಲಿಲ್ಲ. ನನ್ನನ್ನು ಕೊಲ್ಲಬಯಸುವವನೇ ಕಾನೂನಿನ ಹೆಸರಿನಲ್ಲಿ ಬಂದು ಕೈ ಚಾಚಿದರೆ ಹೇಗೆ ಕೊಡಲಿ ಎಂದ. ಬೀಹನ್ ವಾಪಸು ಬಂದು ಹೇಳಿದ ಮಾತಿನಿಂದ, ಅವರ ಆಯುಧ ತೆಗೆಸಿಯಾಗಿದೆ ಎಂದು ವರ್ಜಿಲ್ ಅರ್ಥಮಾಡಿಕೊಂಡನಂತೆ. ಪಿಸ್ತೂಲನ್ನು ಸೊಂಟದ ಪಕ್ಕಕ್ಕೆ ಸರಿಸಿ, ಬಲಗೈಯಲ್ಲಿ ಅರ್ಪ್‌ಗಳ ಗೆಳೆಯ ಡಾಕ್ ಹಾಲಿಡೇಯ ಊರುಗೋಲು ಹಿಡಿದುಕೊಂಡು ಆ ಕಿರಿದಾದ ಖಾಲಿ ನಿವೇಶನಕ್ಕೆ ಕಾಲಿಟ್ಟ. ಕೈ ಮೇಲೆತ್ತಿ, ನಿಮ್ಮ ಆಯುಧಗಳು ನನಗೆ ಬೇಕು ಎಂದ. ಮುಂದಿನದು ಸುಮಾರು ಮೂವತ್ತು ಸೆಕೆಂಡು, ಸುಮಾರು ಮೂವತ್ತು ಗುಂಡು. ಫ್ರಾಂಕ್, ಟಾಮ್, ಬಿಲ್ಲಿ ಮೂವರೂ ಸತ್ತರು. (ಇದು ಓಕೆ ಕೊರಾಲ್ ಒಳಗೆ ನಡೆಯಲೇ ಇಲ್ಲ. ಅದರ ಹಿಂಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಒಬ್ಬ ಛಾಯಾಗ್ರಾಹಕನ ಮನೆಯ ಪಕ್ಕದ ಸಂದಿಯಲ್ಲಿ ನಡೆಯಿತು. ಸಿನಿಮಾದ ಹೆಸರಿಗೆ ಸಂದಿ ಹೊಂದುವುದಿಲ್ಲ, ಬಿಡಿ.)

ತಿಂಗಳಿಡೀ ವಿಚಾರಣೆ ನಡೆಸಿದ ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಅರ್ಪ್‌ಗಳನ್ನೂ ಹಾಲಿಡೇಯನ್ನೂ ಬಿಟ್ಟುಬಿಟ್ಟ. ಬಿಡುವಾಗ ಒಂದು ಮಾತು ಸೇರಿಸಿದ: ಕ್ಲಾಂಟನ್ ಕಡೆಯವರಿಗೆ ವೈರಿಗಳಾಗಿದ್ದ ತಮ್ಮ ವ್ಯಾಟ್ ಮತ್ತು ಹಾಲಿಡೇಯನ್ನೇ ಜೊತೆಗೆ ಕರೆದುಕೊಂಡು ಹೋದದ್ದು ಮಾರ್ಷಲ್ ಮಾಡಿದ ವಿವೇಕವಿಲ್ಲದ ಕೆಲಸ. ಅಂದರೆ ಫ್ರಾಂಕ್ ಎತ್ತಿದ ತಕರಾರಿನ ಅರ್ಧವನ್ನು ಅವನು ಸತ್ತ ಮೇಲೆ ನ್ಯಾಯಾಲಯವೇ ಒಪ್ಪಿಕೊಂಡಂತಾಯಿತು.

ದನದ ದುಡ್ಡಿನ ಊರುಗಳು

ನಮ್ಮ ಬಡಾವಣೆಯಲ್ಲಿ ಟೆಕ್ಸಾಸ್ ಮೂಲದ ಹಿರಿಯರೊಬ್ಬರಿದ್ದಾರೆ, ನಿವೃತ್ತರು. ಅವರ ತಂದೆಗೆ ದನದ ಫಾರ್ಮ್ ಇತ್ತಂತೆ. ಸಂಜೆ ನಾಯಿಯನ್ನು ಅಡ್ಡಾಡಿಸುವಾಗ ಸಿಕ್ಕರೆ ಅರ್ಧ ಗಂಟೆ ಕಳೆಯುವುದು ಗೊತ್ತಾಗುವುದಿಲ್ಲ. ಟೂಮ್‌ಸ್ಟೋನ್ ವಿಷಯ ತೆಗೆದಾಗ ಅವರು ನಕ್ಕು, "ಆಗ ಎಲ್ಲರ ಹತ್ತಿರವೂ ಕೋವಿ ಇರುತ್ತಿತ್ತು, ಅದಕ್ಕೇ ಎಲ್ಲರೂ ಮರ್ಯಾದೆಯಾಗಿ ಮಾತಾಡುತ್ತಿದ್ದರು" ಎಂದರು. ಇದು ಇಲ್ಲಿ ಬಹಳ ಜನರ ಬಾಯಲ್ಲಿ ಕೇಳುವ ಮಾತು. ನಾನು ಫೋನಿನಲ್ಲಿ ಇಟ್ಟುಕೊಂಡಿದ್ದ ಒಂದು ಹಳೆಯ ಚಿತ್ರವನ್ನು ತೋರಿಸಿದೆ. 1870ರ ದಶಕದ ಕೊನೆಯ ಡಾಡ್ಜ್ ಸಿಟಿಯ ಫ್ರಂಟ್ ಬೀದಿ. ಅಗಲವಾದ ಮಣ್ಣಿನ ರಸ್ತೆ, ಒಂದು ಬಾವಿ, ಮರದ ಕಟ್ಟಡಗಳ ಸಾಲು, ಮುಂದೆ ಒಂದು ದೊಡ್ಡ ಫಲಕ: ಬಂದೂಕು ಹೊರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ. ಅದೇ ಫಲಕದಲ್ಲಿ ಪ್ರಿಕ್ಲಿ ಆಶ್ ಬಿಟರ್ಸ್ ಎಂಬ ಔಷಧಿ ಕುಡಿದು ನೋಡಿ ಎಂಬ ಜಾಹೀರಾತು. ಅವರು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಕಾನೂನಿಗೂ ಪ್ರಾಯೋಜಕರು ಬೇಕಿತ್ತು ನೋಡಿ" ಎಂದಷ್ಟೇ ಹೇಳಿ ನಾಯಿಯ ಹಗ್ಗ ಎಳೆದರು.

ತಮಾಷೆಗೆ ಹೇಳಿದರೂ ಅವರ ಮಾತಿನಲ್ಲಿ ಹುರುಳಿದೆ. ಕಾನ್ಸಾಸ್‌ನ ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ, ಡಾಡ್ಜ್ ಸಿಟಿ, ಕಾಲ್ಡ್‌ವೆಲ್ ಊರುಗಳ ಬದುಕೆಲ್ಲ ಟೆಕ್ಸಾಸ್‌ನಿಂದ ನಡೆಸಿಕೊಂಡು ಬಂದ ದನಗಳ ಮೇಲೆ ನಿಂತಿತ್ತು. ಟೆಕ್ಸಾಸ್‌ನಲ್ಲಿ ಮೂರು ನಾಲ್ಕು ಡಾಲರಿನ ಎತ್ತು ರೈಲು ಸಿಗುವ ಕಾನ್ಸಾಸ್‌ನಲ್ಲಿ ಮೂವತ್ತು ನಲವತ್ತಕ್ಕೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಧೂಳು ಕುಡಿದು ಬಂದ ಕೌಬಾಯ್‌ಗಳಿಗೆ ಇಲ್ಲಿ ಒಟ್ಟಿಗೆ ಸಂಬಳ ಕೈಸೇರುತ್ತಿತ್ತು. ಅದು ಬೂಟು, ಟೊಪ್ಪಿ, ಹೆಂಡ, ಜೂಜು, ಹೆಣ್ಣು ಎಂದು ಕೆಲವೇ ದಿನಗಳಲ್ಲಿ ಅಲ್ಲೇ ಕರಗುತ್ತಿತ್ತು. ಪುರಸಭೆಯಲ್ಲಿ ಕುಳಿತಿದ್ದವರಲ್ಲಿ ಅಂಗಡಿಯವರೇ ಮುಂದಾಳುಗಳು. ಅವರಿಗೆ ಆ ಹುಡುಗರ ದುಡ್ಡು ಬೇಕು, ಗುಂಡು ಬೇಡ. ಅದರ ಜೊತೆಗೆ ಊರು ಬೆಳೆಯಬೇಕು, ಹೊಲ ಮಾಡುವ ಕುಟುಂಬಗಳು ಬರಬೇಕು, ಪೂರ್ವದ ಬಂಡವಾಳ ಬರಬೇಕು. ಗುಂಡೇಟಿನ ಸುದ್ದಿ ಪತ್ರಿಕೆಯಲ್ಲಿ ಬಂದರೆ ಯಾರು ಬರುತ್ತಾರೆ? ಆದ್ದರಿಂದ ಈ ನಿಯಮಗಳ ಹಿಂದೆ ಅಹಿಂಸೆಯ ತತ್ತ್ವವೇನನ್ನೂ ಹುಡುಕಬೇಕಿಲ್ಲ. ಗಲ್ಲಾಪೆಟ್ಟಿಗೆಯ ವಿವೇಕ ಸಾಕಿತ್ತು.

ಜಾರಿಯ ವಿಧಾನವೂ ವ್ಯಾಪಾರಿಗಳದ್ದೇ. ವಿಚಿಟಾದಲ್ಲಿ 1873ರ ಹೊತ್ತಿಗೆ ಹಾಕಿದ್ದ ಫಲಕದಲ್ಲಿ, ರಿವಾಲ್ವರನ್ನು ಪೊಲೀಸ್ ಠಾಣೆಯಲ್ಲಿ ಬಿಟ್ಟು ಬಿಲ್ಲೆ ಪಡೆಯಿರಿ ಎಂದಿತ್ತು. ಉಳಿದ ಊರುಗಳಲ್ಲಿ ಹೋಟೆಲು, ಲಾಯ, ಮದ್ಯದಂಗಡಿ, ಎಲ್ಲಿ ಕುದುರೆ ಕಟ್ಟುತ್ತಾರೋ ಎಲ್ಲಿ ಮಲಗುತ್ತಾರೋ ಅಲ್ಲಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುವಷ್ಟೇ ಸಲೀಸಾಗಿ ಇದು ನಡೆಯಬೇಕು ಎಂಬ ಲೆಕ್ಕಾಚಾರ. ಚಪ್ಪಲಿ ನಿನ್ನದೇ, ಹೊರಗೆ ಬಂದ ಮೇಲೆ ಹಾಕಿಕೋ, ಒಳಗೆ ಬೇಡ. ಕೋವಿಯ ಒಡೆತನವನ್ನು ಯಾರೂ ಪ್ರಶ್ನಿಸಲಿಲ್ಲ. ಊರ ಎಲ್ಲೆ ದಾಟಿದರೆ ಹಾವು, ತೋಳ, ದನಗಳ್ಳರು ಇದ್ದರು. ಅಲ್ಲಿ ಕೋವಿಯಿಲ್ಲದವನನ್ನೇ ಹುಚ್ಚ ಎನ್ನುತ್ತಿದ್ದರು. ಈಗಿನ ಅಮೆರಿಕದಲ್ಲಿ ಬಡಿದಾಡುವ ಎರಡು ಪಂಗಡಗಳಿಗೂ ಇದು ರುಚಿಸುವುದಿಲ್ಲ. ಒಬ್ಬರಿಗೆ ಆ ಕಾಲದವರು ಕೋವಿಪ್ರಿಯರಾಗಿರಬೇಕು, ಇನ್ನೊಬ್ಬರಿಗೆ ಕೋವಿನಿಯಂತ್ರಕರಾಗಿರಬೇಕು. ಅವರು ಎರಡೂ ಆಗಿದ್ದರು, ಒಂದೇ ದಿನದಲ್ಲಿ, ಊರ ಬಾಗಿಲಿನ ಆಚೆಗೊಂದು ಈಚೆಗೊಂದು.

ಬಿಲ್ಲೆ ಮುರಿದಾಗ

ಸಲೀಸಾಗಿ ನಡೆಯಬೇಕು ಎಂಬುದು ಲೆಕ್ಕಾಚಾರ, ನಡೆದದ್ದು ಬೇರೆ. ಅಬಿಲೀನ್‌ನಲ್ಲಿ ನಿಷೇಧದ ಫಲಕಗಳನ್ನೇ ಕೌಬಾಯ್‌ಗಳು ಹಾಳುಗೆಡವುತ್ತಿದ್ದರು. 1870ರಲ್ಲಿ ಮಾರ್ಷಲ್ ಆಗಿ ಬಂದ ಟಾಮ್ ಸ್ಮಿತ್ ಕೋವಿಗಿಂತ ಹೆಚ್ಚಾಗಿ ಮುಷ್ಟಿಯಿಂದಲೇ ಅವರ ಆಯುಧ ಇಳಿಸಿದ ಎಂಬ ಖ್ಯಾತಿ ಗಳಿಸಿದ. ಅದೇ ವರ್ಷ ನವೆಂಬರ್‌ನಲ್ಲಿ, ಊರ ಹೊರಗೆ, ರೈತರ ಜಗಳವೊಂದರಲ್ಲಿ ವಾರಂಟ್ ಕೊಡಲು ಹೋದಾಗ ಗುಂಡು ತಿಂದು, ಕೊಡಲಿಯೇಟಿಗೆ ಸತ್ತ. ಅವನ ನಂತರ ಬಂದ ವೈಲ್ಡ್ ಬಿಲ್ ಹಿಕಾಕ್ 1871ರ ಅಕ್ಟೋಬರ್‌ನಲ್ಲಿ ಒಬ್ಬ ಜೂಜುಕೋರನನ್ನು ಹೊಡೆಯುವಾಗ, ನೆರವಿಗೆ ಓಡಿ ಬಂದ ತನ್ನದೇ ಸಹಾಯಕನನ್ನೂ ಗುಂಡಿಕ್ಕಿ ಕೊಂದ. ಮರು ವರ್ಷ ಅಬಿಲೀನ್ ದನದ ವ್ಯಾಪಾರವೇ ಬೇಡ, ಬೇರೆ ಕಡೆ ಹೋಗಿ ಎಂದು ಟೆಕ್ಸಾಸಿನವರಿಗೆ ಹೇಳಿ ಕೈತೊಳೆದುಕೊಂಡಿತು.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಎಡ್ ಮಾಸ್ಟರ್‌ಸನ್. ಸಿನಿಮಾದಲ್ಲಿ ಅವನ ತಮ್ಮ ಬ್ಯಾಟ್‌ಗೆ ಇರುವ ಹೆಸರು ಇವನಿಗಿಲ್ಲ. 1878ರ ಏಪ್ರಿಲ್ 9ರ ರಾತ್ರಿ, ಡಾಡ್ಜ್ ಸಿಟಿ. ಕುಡಿದು ಗಲಾಟೆ ಮಾಡುತ್ತಿದ್ದ ಜಾಕ್ ವ್ಯಾಗ್ನರ್ ಎಂಬವನಿಂದ ಮಾರ್ಷಲ್ ಎಡ್ ಪಿಸ್ತೂಲನ್ನು ಮೃದುವಾಗಿಯೇ ತೆಗೆದುಕೊಂಡ. ಅದನ್ನು ವ್ಯಾಗ್ನರ್‌ನ ಯಜಮಾನ ವಾಕರ್‌ಗೆ ಕೊಟ್ಟು, ಒಳಗೆ ಒಪ್ಪಿಸಿಬಿಡಿ ಎಂದು ಹೇಳಿ ಹೊರಬಂದ. ಸ್ವಲ್ಪ ಹೊತ್ತಿನಲ್ಲಿ ವ್ಯಾಗ್ನರ್ ಬೀದಿಗೆ ಬಂದಾಗ ಪಿಸ್ತೂಲು ಮತ್ತೆ ಅವನ ಬಳಿಯೇ ಇತ್ತು. ಎಡ್ ಮತ್ತೊಮ್ಮೆ ಕಿತ್ತುಕೊಳ್ಳಲು ಹೋದ. ಎಷ್ಟು ಹತ್ತಿರದಿಂದ ಗುಂಡು ಹಾರಿತೆಂದರೆ ಅವನ ಅಂಗಿಗೆ ಬೆಂಕಿ ಹತ್ತಿಕೊಂಡಿತು. ಉರಿಯುವ ಬಟ್ಟೆಯಲ್ಲೇ ರೈಲು ಹಳಿ ದಾಟಿ ನಡೆದು ಹೋಗಿ ಕುಸಿದ, ಬದುಕಲಿಲ್ಲ. ವ್ಯಾಗ್ನರ್ ಕೂಡ ಉಳಿಯಲಿಲ್ಲ. ಕಾನೂನಿನಲ್ಲಿ ಯಾವ ತಪ್ಪೂ ಇರಲಿಲ್ಲ, ಮಾರ್ಷಲ್ ವರ್ತನೆಯಲ್ಲೂ ಇರಲಿಲ್ಲ. ಮಾರ್ಷಲ್‌ನ ಕೈಗೂ ಅಂಗಡಿಯ ಕಪಾಟಿಗೂ ನಡುವಿನ ನಾಲ್ಕು ಹೆಜ್ಜೆಯಲ್ಲಿ ಒಬ್ಬ ಗೆಳೆಯನನ್ನು ನಂಬಿದ್ದು, ಅಷ್ಟೇ. ಟೂಮ್‌ಸ್ಟೋನ್‌ನಲ್ಲೂ 1880ರಲ್ಲಿ ವರ್ಜಿಲ್‌ಗೆ ಮೊದಲಿದ್ದ ಮಾರ್ಷಲ್ ಫ್ರೆಡ್ ವೈಟ್ ಸತ್ತದ್ದು ಕರ್ಲಿ ಬಿಲ್ ಎಂಬವನ ಪಿಸ್ತೂಲನ್ನು ಕೈಗೆ ತೆಗೆದುಕೊಳ್ಳುವಾಗ. ಅದು ಆಕಸ್ಮಿಕ ಎಂದು ಸಾಯುವ ಮುನ್ನ ವೈಟ್ ತಾನೇ ಹೇಳಿದ.

ಇಷ್ಟೆಲ್ಲ ಆಗಿಯೂ ಒಂದು ಲೆಕ್ಕವಿದೆ. ಹೇಳಿದ ಆ ಐದು ಊರುಗಳಲ್ಲಿ 1870ರಿಂದ 1885ರವರೆಗೆ ಇತಿಹಾಸಕಾರರೊಬ್ಬರು ಎಣಿಸಿದ ಕೊಲೆಗಳು ಒಟ್ಟು 45. ಒಂದು ಸಂಜೆಯ ಸಿನಿಮಾದಲ್ಲಿ ಬೀಳುವ ಹೆಣಗಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಊರುಗಳು ಬಹಳ ಚಿಕ್ಕವು, ಜನಸಂಖ್ಯೆಗೆ ಭಾಗಿಸಿದರೆ ದರ ಹೆಚ್ಚೇ ಎಂದು ಬೇರೆ ಇತಿಹಾಸಕಾರರು ವಾದಿಸಿದ್ದಾರೆ. ಕಾನೂನಿನಿಂದ ಕೊಲೆ ಕಡಿಮೆಯಾಯಿತು ಎನ್ನಲು ಕಾನೂನಿಲ್ಲದ ಅದೇ ಊರನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಬೇಕು, ಅದು ಆಗದ ಕೆಲಸ.

ಯಾರಿಂದ ತೆಗೆಯುವುದು

ಈ ಕಾನೂನುಗಳನ್ನು ಬರೀ ಮೆಚ್ಚಿಕೊಂಡು ಓದಲು ಬಿಡದ ಇನ್ನೊಂದು ಮುಖವಿದೆ. 1868ರ ಕಾನ್ಸಾಸ್ ರಾಜ್ಯದ ಕಾಯಿದೆ ಯಾರು ಪಿಸ್ತೂಲು ಹೊರಬಾರದು ಎಂದು ಪಟ್ಟಿ ಮಾಡಿತು: ಉದ್ಯೋಗವಿಲ್ಲದ ಅಲೆಮಾರಿ, ಕುಡಿದವನು, ಮತ್ತು ಅಮೆರಿಕ ಸರ್ಕಾರದ ವಿರುದ್ಧ ಎಂದಾದರೂ ಆಯುಧ ಹಿಡಿದವನು. ಮೂರನೆಯದು ಯಾರ ಕಡೆಗೆ ಬೆರಳು ತೋರಿಸುತ್ತಿತ್ತು ಎಂದು ಆಗ ಎಲ್ಲರಿಗೂ ಗೊತ್ತಿತ್ತು. ಅಂತರ್ಯುದ್ಧ ಮುಗಿದು ಮೂರು ವರ್ಷ, ಕಾನ್ಸಾಸ್ ಉತ್ತರದ ಕಡೆಯದು, ದನ ಹೊಡೆದುಕೊಂಡು ಬರುವ ಟೆಕ್ಸಾಸಿನವರಲ್ಲಿ ಅನೇಕರು ದಕ್ಷಿಣದ ಸೈನ್ಯದಲ್ಲಿ ಕಾದಾಡಿದವರು. ಸೋತವರ ಕೈಯಿಂದ ಗೆದ್ದವರ ಊರಿನ ಪೊಲೀಸ್ ಪಿಸ್ತೂಲು ಕೇಳುತ್ತಿದ್ದ. ಇನ್ನು ಟೆಕ್ಸಾಸ್‌ನಲ್ಲಿಯೇ 1871ರಲ್ಲಿ ಪಿಸ್ತೂಲು, ಕಠಾರಿ ಹೊರುವುದನ್ನು ಬಹುತೇಕ ನಿಷೇಧಿಸುವ ಕಾಯಿದೆ ಬಂತು. ಅದನ್ನು ತಂದದ್ದು ಯುದ್ಧಾನಂತರದ ರಿಪಬ್ಲಿಕನ್ ಸರ್ಕಾರ, ಬಿಡುಗಡೆಯಾದ ಕರಿಯರ ಮೇಲೆ ದಾಳಿ ನಡೆಯುತ್ತಿದ್ದ ಕಾಲದಲ್ಲಿ. ಮೂಲನಿವಾಸಿಗಳ ದಾಳಿಯ ಭಯವಿದೆ ಎಂದು ಘೋಷಿಸಿದ ಗಡಿ ಕೌಂಟಿಗಳಿಗೆ ಅದರಲ್ಲಿ ವಿನಾಯಿತಿ. ಆ ನಿಷೇಧದ ತಿರುಳು ಟೆಕ್ಸಾಸ್‌ನಲ್ಲಿ 1995ರವರೆಗೆ ಉಳಿದಿತ್ತು ಎಂದಾಗ ನನ್ನ ನೆರೆಯ ಹಿರಿಯರು ಒಪ್ಪಿಕೊಂಡರು. ಅವರ ತಂದೆ ಪಟ್ಟಣಕ್ಕೆ ಹೋಗುವಾಗ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರಂತೆ.

ಮೂಲನಿವಾಸಿಗಳಿಗಾದರೋ ಬಿಲ್ಲೆ ಕೊಡುವವರು ಇರಲಿಲ್ಲ. 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವೂಂಡೆಡ್ ನೀ ಹಳ್ಳದ ಬಳಿ ಅಮೆರಿಕ ಸೈನ್ಯದ ಏಳನೆಯ ಅಶ್ವದಳ ಮೂಲನಿವಾಸಿ ಲಕೋಟಾ ಜನರ ಒಂದು ತಂಡವನ್ನು ಸುತ್ತುಗಟ್ಟಿ, ದಿಬ್ಬದ ಮೇಲೆ ಹಾಚ್‌ಕಿಸ್ ಫಿರಂಗಿಗಳನ್ನು ಗುರಿಯಿಟ್ಟು, ಆಯುಧ ಒಪ್ಪಿಸಿ ಎಂದಿತು. ಡೇರೆಗಳನ್ನು ಜಾಲಾಡಿದರು. ಒಂದು ಕೋವಿಯ ಎಳೆದಾಟದಲ್ಲಿ ಗುಂಡು ಹಾರಿತು. ಸತ್ತವರ ಸಂಖ್ಯೆಯನ್ನು 150ರಿಂದ 300ರವರೆಗೆ ಹೇಳುತ್ತಾರೆ, ಹೆಂಗಸರು ಮಕ್ಕಳೇ ಬಹಳ. ನಾಯಕ ಬಿಗ್ ಫುಟ್ ನ್ಯುಮೋನಿಯಾದಿಂದ ಏಳಲಾಗದೆ ಮಲಗಿದ್ದವನು. ಹಲಗಲಿಯ ಬೇಡರ ಕಥೆ ಕೇಳಿ ಬೆಳೆದ ನನ್ನಂಥವನಿಗೆ ಇದನ್ನು ಓದುವಾಗ 1857ರ ನಿಶ್ಶಸ್ತ್ರೀಕರಣ ಕಾಯಿದೆ ನೆನಪಾಗದೆ ಇರುವುದಿಲ್ಲ. ಡಾಡ್ಜ್ ಸಿಟಿಯ ಫಲಕದಲ್ಲೂ ಆಯುಧ ಬಿಡಿ ಎಂದೇ ಬರೆದಿತ್ತು. ಆದರೆ ಅಲ್ಲಿ ನಾಳೆ ವಾಪಸು ಸಿಗುತ್ತದೆ ಎಂಬ ಭರವಸೆಯಿತ್ತು, ಪಕ್ಕದವನೂ ಬಿಟ್ಟಿದ್ದಾನೆ ಎಂಬ ಸಮಾಧಾನವಿತ್ತು. ಇವೆರಡೂ ಇಲ್ಲದ ಕಡೆ ಅದೇ ಆಜ್ಞೆ ಯುದ್ಧಘೋಷಣೆಯಾಗುತ್ತದೆ. ಫ್ರಾಂಕ್ ಮಕ್ಲಾರಿಯಂಥ ಪುಂಡನಿಗೂ ಬಿಗ್ ಫುಟ್‌ನ ಜನರಿಗೂ ಹೋಲಿಕೆ ಇಲ್ಲ, ಅದನ್ನು ನಾನು ಮಾಡುತ್ತಲೂ ಇಲ್ಲ. ಇಬ್ಬರ ಮುಂದೆಯೂ ಚಾಚಿದ ಕೈ ವೈರಿಯದಾಗಿತ್ತು ಎಂಬುದನ್ನು ಮಾತ್ರ ಗುರುತಿಸುತ್ತಿದ್ದೇನೆ.

ನ್ಯಾಯಾಲಯದ ಜನಗಣತಿ

ಇದೆಲ್ಲ ಹಳೆಯ ಕಾಗದದ ವಿಷಯವಾಗಿ ಉಳಿಯದಿರಲು ಕಾರಣ 2022ರ ಜೂನ್‌ನಲ್ಲಿ ಬಂದ ಅಮೆರಿಕದ ಸುಪ್ರೀಂ ಕೋರ್ಟಿನ ಬ್ರುಯೆನ್ ತೀರ್ಪು. ಆಯುಧದ ಮೇಲಿನ ಯಾವುದೇ ನಿರ್ಬಂಧ ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದುತ್ತದೆ ಎಂದು ಸರ್ಕಾರವೇ ತೋರಿಸಬೇಕು ಎಂದಿತು ಅದು. ವಕೀಲರು ಸಹಜವಾಗಿಯೇ ಗಡಿನಾಡಿನ ಕಾನೂನುಗಳ ಕಟ್ಟು ಬಿಚ್ಚಿದರು. ಊರು ಪಟ್ಟಣಗಳ ಒಳಗೆ ಬಚ್ಚಿಟ್ಟಾಗಲಿ ತೋರಿಸಿಕೊಂಡಾಗಲಿ ಬಂದೂಕು ಹೊರುವಂತಿಲ್ಲ ಎಂದ 1875ರ ವಯೋಮಿಂಗ್ ಪ್ರಾಂತ್ಯದ ಕಾಯಿದೆ, 1889ರ ಅರಿಜೋನಾ ಮತ್ತು ಐಡಾಹೊ ಕಾಯಿದೆಗಳು ಅದರಲ್ಲಿದ್ದವು. ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವನ್ನು ಬದಿಗೆ ಸರಿಸಿದರು. ಅವು ಇನ್ನೂ ರಾಜ್ಯಗಳಾಗಿರದ ತಾತ್ಕಾಲಿಕ ಪ್ರಾಂತ್ಯಗಳ ಕಾನೂನುಗಳು, 1890ರ ಜನಗಣತಿಯಂತೆ ಅಲ್ಲಿದ್ದವರು ದೇಶದ ಜನಸಂಖ್ಯೆಯ ನೂರರಲ್ಲಿ ಒಂದು ಪಾಲೂ ಅಲ್ಲ, ಅವು ನ್ಯಾಯಾಲಯದ ಪರೀಕ್ಷೆಗೆ ಒಳಗಾದದ್ದೂ ಅಪರೂಪ ಎಂದರು. ಕೊನೆಯ ಮಾತಿಗೆ ಆಧಾರವಿದೆ. ಐಡಾಹೊ ಕಾಯಿದೆ 1902ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಬಿದ್ದೇಹೋಯಿತು.

ಜನಸಂಖ್ಯೆಯ ವಾದ ಮಾತ್ರ ನನಗೆ ನುಂಗಲಾರದ ತುತ್ತು. ಅಮೆರಿಕನ್ನನೆಂದರೆ ಸೊಂಟದಲ್ಲಿ ಕೋವಿ ಇರುವವನು ಎಂಬ ಚಿತ್ರ ಜಗತ್ತಿಗೆಲ್ಲ ಹಬ್ಬಿದ್ದು ಅದೇ ನೂರರಲ್ಲಿ ಒಂದು ಪಾಲೂ ಇಲ್ಲದ ಜನರ ಹೆಸರಿನಲ್ಲಿ. ಆ ಚಿತ್ರ ಕಟ್ಟುವಾಗ ಯಾರೂ ಜನಗಣತಿ ಕೇಳಲಿಲ್ಲ, ಅವರ ಪುರಸಭೆಯ ನಿಯಮ ಓದುವಾಗ ಮಾತ್ರ ತಲೆ ಎಣಿಸುತ್ತಾರೆ. ಇದನ್ನು ನೆರೆಯವರಿಗೆ ಸ್ವಲ್ಪ ಬಿಸಿಯಾಗಿಯೇ ಹೇಳಿದೆ. ಅವರು ಸೋಲಲಿಲ್ಲ. "ಆ ಊರುಗಳು ಪಶ್ಚಿಮವಲ್ಲ" ಎಂದರು, "ಪಶ್ಚಿಮ ಇದ್ದದ್ದು ಊರ ಹೊರಗೆ. ನೀವು ಬಾಗಿಲಿನ ನಿಯಮ ಓದಿಕೊಂಡು ಬಯಲಿನ ಬಗ್ಗೆ ಮಾತಾಡುತ್ತಿದ್ದೀರಿ." ಒಂಬತ್ತನೆಯ ನಿಯಮವೂ ನಗರದ ಎಲ್ಲೆಯನ್ನು ದಾಟುವುದಿಲ್ಲವಾದ್ದರಿಂದ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರುವುದು ಇಷ್ಟು: ಇಂದು ಅಮೆರಿಕದವರಲ್ಲಿ ಐದರಲ್ಲಿ ನಾಲ್ವರು ಪಟ್ಟಣವಾಸಿಗಳು. ಮುಂದಿನ ಸಲ ಸಿಕ್ಕಾಗ ಅವರ ಬಯಲು ಈಗ ಎಲ್ಲಿದೆ ಎಂದು ಕೇಳಬೇಕು.